ಮಗ್ಗಿ ಯಾಕೆ ಮರೆಯುವುದಿಲ್ಲ

ಪರೀಕ್ಷೆ ಹತ್ತಿರ ಬಂತೆಂದರೆ ಮೆಡಿಕಲ್ ಶಾಪಿನಲ್ಲಿ ನೆನಪಿನ ಶಕ್ತಿಯ ಟಾನಿಕ್‌ಗಳು ಮುಂದಿನ ಸಾಲಿಗೆ ಬರುತ್ತವೆ. ಬಾದಾಮಿ ತಿನ್ನು, ಬೆಳಗಿನ ಜಾವ ಎದ್ದು ಓದು, ಹತ್ತು ಸಲ ಓದು ಎಂಬ ಉಪದೇಶ ಬೇರೆ. ಮರೆವು ಏನೋ ಕಾಯಿಲೆ ಅನ್ನೋ ಹಾಗೆ! ಮರೆಯದ ಮಿದುಳು ಯಾರಿಗೂ ಇಲ್ಲ.

ಮರೆವನ್ನು ಮೊದಲು ಲೆಕ್ಕ ಹಾಕಿ ಅಳೆದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅವನ ಹಠ ನೋಡಿ, ಪ್ರಯೋಗಕ್ಕೆ ತಾನೊಬ್ಬನೇ ಕೂತ. ಅರ್ಥವಿರುವ ಪದವಾದರೆ ಹಳೆಯದೇನೋ ನೆನಪಾಗಿ ಅಂಟಿಕೊಳ್ಳುತ್ತದೆ, ಅಲ್ವಾ? ಅದಕ್ಕೇ ಎರಡು ವ್ಯಂಜನಗಳ ನಡುವೆ ಸ್ವರ ಇಟ್ಟು ಸುಮಾರು 2,300 ತಲೆಬುಡವಿಲ್ಲದ ತುಣುಕುಗಳನ್ನು ಮಾಡಿಕೊಂಡ. ಗಡಿಯಾರದ ಟಿಕ್ ಟಿಕ್‌ಗೆ ಸರಿಯಾಗಿ ಬಾಯಿಪಾಠ ಮಾಡಿದ. ಆಮೇಲೆ ಅದನ್ನೇ ಮತ್ತೆ ಕಲಿತು, ಎಷ್ಟು ಸಮಯ ಉಳಿಯಿತು ಎಂದು ನೋಡಿದ. 20 ನಿಮಿಷ ಬಿಟ್ಟು ಕಲಿತರೆ ಶೇ. 58 ಉಳಿತಾಯ. ಒಂದು ಗಂಟೆ ಬಿಟ್ಟರೆ 44, ಒಂದು ದಿನಕ್ಕೆ 34, ತಿಂಗಳಾದ ಮೇಲೂ 21. ಅಂದರೆ ಜಾಸ್ತಿ ಸೋರುವುದು ಮೊದಲ ಗಂಟೆಯಲ್ಲೇ. 1885ರಲ್ಲಿ ಇದನ್ನೆಲ್ಲ ಪ್ರಕಟಿಸಿದ. ಇಂಗ್ಲಿಷ್ ಪದ್ಯ ಕಲಿಯಲು ಮಾತ್ರ ಅವನಿಗೆ ಇದರ ಹತ್ತನೇ ಒಂದು ಭಾಗದಷ್ಟೇ ಶ್ರಮ ಸಾಕಾಯಿತು. ಅರ್ಥದ ಬೆಲೆ ಅಷ್ಟು.

ಇನ್ನು ಹತ್ತು ಸಲ ಓದುವ ವಿಷಯ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬಿಬ್ಬರು ಸಂಶೋಧಕರು ವಿದ್ಯಾರ್ಥಿಗಳಿಗೆ ಸೂರ್ಯನ ಬಗ್ಗೆ, ಸಮುದ್ರದ ನೀರುನಾಯಿಯ ಬಗ್ಗೆ ಸಣ್ಣ ಪಾಠ ಕೊಟ್ಟರು. ಒಂದು ಪಾಠವನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಮ್ಮೆ ಓದಿಸಿ, ಹಾಳೆ ಕಿತ್ತುಕೊಂಡು, ನೆನಪಿದ್ದಷ್ಟು ಬರೆಯಿರಿ ಎಂದರು. ಐದು ನಿಮಿಷದ ಬಳಿಕ ಕೇಳಿದಾಗ ಎರಡು ಸಲ ಓದಿದ್ದೇ ಮುಂದೆ: ನೆನಪಿದ್ದದ್ದು ಶೇ. 81 ಮತ್ತು 75. ವಾರ ಕಳೆದ ಮೇಲೆ ತಿರುಗುಮುರುಗು. ಓದಿದ್ದು 42, ನೆನಪಿನಿಂದ ಬರೆದದ್ದು 56. ಇದು 2006ರ ಮಾತು.

ಯಾಕೆ ಹೀಗೆ? ತಲೆಯಲ್ಲಿ ಇರುವುದೇ ಬೇರೆ, ಬೇಕಾದಾಗ ಸಿಗುವುದೇ ಬೇರೆ. ಯಾರದ್ದೋ ಹೆಸರು ನಾಲಿಗೆ ತುದಿಯಲ್ಲಿರುತ್ತದೆ, ಬರುವುದಿಲ್ಲ. ಪಕ್ಕದವರು ಮೊದಲ ಅಕ್ಷರ ಹೇಳಿದರೆ ಟಕ್ಕನೆ ಬರುತ್ತದೆ. ಹೆಸರು ಎಲ್ಲೂ ಹೋಗಿರಲಿಲ್ಲ, ಸುಳಿವು ಸಿಕ್ಕಿರಲಿಲ್ಲ ಅಷ್ಟೇ. ತಡಕಾಡಿ ಹೊರತೆಗೆದಾಗಲೆಲ್ಲ ಸುಳಿವಿಗೂ ವಿಷಯಕ್ಕೂ ನಂಟು ಗಟ್ಟಿಯಾಗುತ್ತದೆ. ಸುಮ್ನೆ ಓದುತ್ತಿದ್ದರೆ ತಡಕಾಡುವ ಪ್ರಸಂಗವೇ ಬರುವುದಿಲ್ಲ. ಮಗ್ಗಿ ಉಳಿಯುವುದೂ ರಾಗಕ್ಕಷ್ಟೇ ಅಲ್ಲ. ಮೇಷ್ಟ್ರು ಬೆರಳು ತೋರಿಸಿ ಥಟ್ಟನೆ "ಏಳೆಂಟ್ಲೆ?" ಅಂತಿದ್ದರಲ್ಲ, ಆಗ ಐವತ್ತಾರನ್ನು ತಲೆಯಿಂದಲೇ ಹುಡುಕಬೇಕಿತ್ತು.

ತಮಾಷೆ ಅಂದರೆ, ಅದೇ ಸಂಶೋಧಕರು ಇನ್ನೊಂದು ಪ್ರಯೋಗದಲ್ಲಿ, ವಾರದ ನಂತರ ಎಷ್ಟು ನೆನಪಿರುತ್ತದೆ ಎಂದು ವಿದ್ಯಾರ್ಥಿಗಳನ್ನೇ ಕೇಳಿದ್ದರು. ಓದಿದ್ದನ್ನೇ ಮತ್ತೆ ಮತ್ತೆ ಓದಿದವರಿಗೇ ಧೈರ್ಯ ಜಾಸ್ತಿ ಇತ್ತು.