ಗುಳೆ ಹೋದವರು, ಗುಳೆ ಬಂದವರು: ಕೆಲಸದ ಜಾಗದ ಆರೋಗ್ಯ

ಕೆಲಸದ ಜಾಗದ ಆರೋಗ್ಯದ ಬಗ್ಗೆ ನಮಗಿರುವ ಪಾಠದಲ್ಲಿ ವಲಸೆ ಕಾರ್ಮಿಕರು, ಸ್ಥಳೀಯ ಕಾರ್ಮಿಕರು ಅಂತ ಎರಡು ಗುಂಪು ಮಾಡಿ ಹೋಲಿಸುತ್ತಾರೆ. ನಮ್ಮ ಕಡೆ ಈ ಗೆರೆ ಅಷ್ಟು ನೇರವಾಗಿಲ್ಲ. ಗಂಗಾವತಿಯ ರೈಸ್ ಮಿಲ್ಲುಗಳಿಗೆ, ಕೊಪ್ಪಳ ಸುತ್ತಲಿನ ಕಬ್ಬಿಣದ ಕಾರ್ಖಾನೆಗಳಿಗೆ ಉತ್ತರ ಭಾರತದ ಹುಡುಗರು ಬರುತ್ತಾರೆ. ಅದೇ ಹೊತ್ತಿಗೆ ಕುಷ್ಟಗಿ, ದೇವದುರ್ಗದ ಹಳ್ಳಿಗಳ ಜನ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಇಲ್ಲಿ ಸ್ಥಳೀಯರಾದವರು ಅಲ್ಲಿ ವಲಸೆಯವರು. ದೇಹ ಅದೇ. ಅಪಾಯ ಬದಲಾಗುವುದು ಸಿಕ್ಕ ಕೆಲಸದಿಂದ.

ಮೊದಲು ಬಿಸಿಲು. ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಆದರೆ ಬಿಸಿಯಲ್ಲಿ ದುಡಿಯಲು ದೇಹಕ್ಕೆ 7ರಿಂದ 14 ದಿನದ ರೂಢಿ ಬೇಕು. ಅದಕ್ಕೇ ಕಾರ್ಮಿಕರ ಆರೋಗ್ಯದ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ (NIOSH) ಸಂಸ್ಥೆ ಹೊಸಬರಿಗೆ ಮೊದಲ ದಿನ ಪಾಳಿಯ ಶೇ. 20ರಷ್ಟು ಹೊತ್ತು ಮಾತ್ರ ಬಿಸಿಯಲ್ಲಿ ಕೆಲಸ ಕೊಡಿ, ದಿನಕ್ಕೆ ಶೇ. 20ಕ್ಕಿಂತ ಜಾಸ್ತಿ ಏರಿಸಬೇಡಿ ಅನ್ನುತ್ತದೆ. ರೈಲು ಇಳಿದ ಮರುದಿನವೇ ಬಾಯ್ಲರ್ ಮುಂದೆ ಪೂರ್ತಿ ಪಾಳಿ ನಿಲ್ಲುವ ಹುಡುಗನಿಗೆ ಈ ರೂಢಿ ಎಲ್ಲಿಂದ ಬರಬೇಕು? ಊರಿನವರಿಗೂ ಇದು ಅನ್ವಯ. ತಿಂಗಳು ಹಾಸಿಗೆ ಹಿಡಿದು ಎದ್ದವರು ಮತ್ತೆ ಹೊಸಬರಂತೆಯೇ.

ಭಾಷೆ ಇನ್ನೊಂದು. 'ಕೈ ಇಡಬೇಡ' ಎಂಬ ಬೋರ್ಡು ಕನ್ನಡದಲ್ಲಿದ್ದರೆ ಹಿಂದಿಯವನಿಗೆ ಅದು ಸುಮ್ನೆ ಬಣ್ಣದ ತಗಡು.

ಈಗ ನಾನು ಜಾಸ್ತಿ ಹೊತ್ತು ಕೂತು ಓದಿದ ಭಾಗ: ದೂಳು. ಕಲ್ಲು ಕೊರೆಯುವಾಗ, ಕ್ರಷರ್‌ನಲ್ಲಿ ಒಡೆಯುವಾಗ ಸಿಲಿಕಾ ಎಂಬ ಕಲ್ಲಿನ ಸಣ್ಣ ದೂಳು ಎದ್ದು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅಲ್ಲಿ ಗಾಯ ಕಲೆಗಟ್ಟುತ್ತದೆ. ಅದೇ ಸಿಲಿಕೋಸಿಸ್. ಆದ ಹಾನಿ ವಾಪಸ್ ಸರಿಯಾಗುವುದಿಲ್ಲ, ಕ್ಷಯ ತಗಲುವ ಸಾಧ್ಯತೆಯೂ ಏರುತ್ತದೆ. ಮುಖಕ್ಕೆ ಕಟ್ಟಿದ ಟವೆಲ್ ಈ ಸಣ್ಣ ಕಣವನ್ನು ತಡೆಯುವುದಿಲ್ಲ. ಸರಿಯಾದ ಮಾಸ್ಕ್ ಬೇಕು. ಅದಕ್ಕಿಂತ ಮೊದಲು ನೀರು ಬಿಟ್ಟು ಕೊರೆದು ದೂಳು ಏಳದಂತೆ ಮಾಡಬೇಕು.

ಸಿಲಿಕೋಸಿಸ್ ಸಾಮಾನ್ಯವಾಗಿ ಹತ್ತು ವರ್ಷ, ಅದಕ್ಕೂ ಹೆಚ್ಚು ಕಾಲ ದೂಳು ಕುಡಿದ ಮೇಲೆ ಕಾಣಿಸುವ ರೋಗ. ಅಷ್ಟರಲ್ಲಿ ವಲಸೆ ಬಂದವನು ಮೂರು ಊರು, ನಾಲ್ಕು ಗುತ್ತೇದಾರರನ್ನು ಬದಲಿಸಿರುತ್ತಾನೆ. ಕೆಮ್ಮು ಜೋರಾದರೆ ತನ್ನ ಹಳ್ಳಿಗೆ ಹೋಗಿಬಿಡುತ್ತಾನೆ. ಕ್ವಾರಿಯಲ್ಲಿ ಸರ್ವೆ ಮಾಡಿದರೆ ಸಿಗುವುದು ಗಟ್ಟಿಮುಟ್ಟಾದವರೇ. ಪುಸ್ತಕದ 'ಆರೋಗ್ಯವಂತ ಕಾರ್ಮಿಕ ಪರಿಣಾಮ' ಅಂದರೆ ಇದೇ. ವಲಸೆಯವರ ಆರೋಗ್ಯ ಚೆನ್ನಾಗಿದೆ ಅನ್ನುವ ಕೋಷ್ಟಕ ನೋಡಿದರೆ, ಮನೆಗೆ ಹೋದವರನ್ನು ಎಣಿಸಿದ್ದಾರಾ ಅಂತ ಕೇಳಲೇಬೇಕು ಅಲ್ವಾ? ಸ್ಥಳೀಯರು ಅದೇ ದೂಳಲ್ಲಿ ಇಪ್ಪತ್ತು ವರ್ಷ ಉಳಿಯುವುದರಿಂದ ಅವರ ರೋಗ ಲೆಕ್ಕಕ್ಕೆ ಸಿಗುತ್ತದೆ. ಅವರು ಒಟ್ಟು ಕುಡಿದ ದೂಳೂ ಕಡಿಮೆಯಲ್ಲ.

ಕಾನೂನಿನಲ್ಲಿ ನನಗೆ ನೋವು ಕೊಟ್ಟ ಸಂಗತಿ ಒಂದಿದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತೇದಾರರ ಮೂಲಕ ರಾಜ್ಯ ದಾಟಿದವರಿಗೆ ಮಾತ್ರ ಅನ್ವಯವಾಗುತ್ತಿತ್ತು. 2020ರ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆ ತಾವಾಗಿಯೇ ಬಂದವರನ್ನೂ ಸೇರಿಸಿತು. ಆದರೆ ಗಡಿ ದಾಟುವ ಶರತ್ತು ಹಾಗೇ ಉಳಿಯಿತು. ದೇವದುರ್ಗದಿಂದ ಪುಣೆಗೆ ಹೋದ ಅಕ್ಕ ವಲಸೆ ಕಾರ್ಮಿಕಳು. ಅವಳ ತಂಗಿ ಅಷ್ಟೇ ದೂರದ ಬೆಂಗಳೂರಿನಲ್ಲಿ, ತಗಡಿನ ಶೆಡ್ಡಿನಲ್ಲಿ ಮಲಗಿದರೂ ಆ ಲೆಕ್ಕಕ್ಕೆ ಬರುವುದಿಲ್ಲ.

ಇಟಲಿಯ ವೈದ್ಯ ರಾಮಜಿನಿ 1700ರಲ್ಲೇ, ರೋಗಿಯನ್ನು ಕಂಡಾಗ 'ನಿನ್ನ ಕಸುಬು ಏನು' ಅಂತ ಕೇಳಿ ಎಂದಿದ್ದ. ಫೀಲ್ಡ್ ವರ್ಕ್‌ಗೆ ಹೋದಾಗ ನಾವು ಇನ್ನೆರಡು ಪ್ರಶ್ನೆ ಸೇರಿಸೋಣ. 'ಅಣ್ಣಾ, ಇದಕ್ಕೂ ಮೊದಲು ಎಲ್ಲೆಲ್ಲಿ ದುಡಿದಿರಿ? ನಿಮ್ಮ ಜೊತೆ ದುಡಿದವರು ಈಗ ಎಲ್ಲಿದ್ದಾರೆ?' ಎರಡನೆಯದಕ್ಕೆ ಬಂದ ಉತ್ತರವನ್ನು ಪೂರ್ತಿ ಬರೆದುಕೊಳ್ಳಿ.