ಜಿಪುಣಾಗ್ರೇಸರ: ಬಿರುದಿನ ಹಾಗೆ ಕೇಳಿಸುವ ಬೈಗುಳ

ಜಿಪುಣ ಅಂದರೆ ಎಲ್ಲರಿಗೂ ಗೊತ್ತು. ಕಾಸಿದ್ದೂ ಕೈ ಬಿಚ್ಚದವನು. ಆದರೆ ಕೆಲವರಿಗೆ ಆ ಪದ ಸಾಲುವುದೇ ಇಲ್ಲ. ಅಂಥವರಿಗೆಂದೇ ಇರುವುದು 'ಜಿಪುಣಾಗ್ರೇಸರ'.

'ಅಗ್ರೇಸರ' ಸಂಸ್ಕೃತದ್ದು. ಅಗ್ರೇ ಅಂದರೆ ಮುಂದೆ, ಸರ ಅಂದರೆ ಸಾಗುವವನು. ಎಲ್ಲರಿಗಿಂತ ಮುಂದೆ ನಡೆಯುವ ನಾಯಕ. ವೀರರಿಗೆ, ಪಂಡಿತರಿಗೆ ಹೊಗಳಿಕೆಯಾಗಿ ಸೇರಿಸುವ ಈ ಬಾಲವನ್ನು ನಮ್ಮವರು ಜಿಪುಣನಿಗೂ ಅಂಟಿಸಿಬಿಟ್ಟರು. ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ ಬೈದ ಹಾಗೆ!

ಇವನ ಗುರುತಿಗೆ ಒಂದು ಮಾತಿದೆ: 'ಎಂಜಲು ಕೈಯಲ್ಲಿ ಕಾಗೆ ಓಡಿಸದವನು'. ಉಣ್ಣುವಾಗ ಕಾಗೆ ಬಂದರೆ ನಾವು ಹಾಗೇ ಕೈ ಬೀಸುತ್ತೇವೆ. ಇವನು ಬೀಸುವುದಿಲ್ಲ. ಬೆರಳಿಗೆ ಅಂಟಿದ ಒಂದು ಅಗುಳು ಹಾರಿ ಕಾಗೆಯ ಪಾಲಾದರೆ?

ಹಿಡಿತದಲ್ಲಿ ಖರ್ಚು ಮಾಡುವುದು ಬೇರೆ. ನಮ್ಮಜ್ಜಿ ಮದುವೆ ಕಾಗದಗಳ ಹಿಂಬದಿಯಲ್ಲಿ ದಿನಸಿ ಪಟ್ಟಿ ಬರೆಯುತ್ತಿದ್ದರು. ಆದರೆ ಬಂದವರಿಗೆ ತುಪ್ಪ ಬಡಿಸುವಾಗ ಲೆಕ್ಕ ಇಡುತ್ತಿರಲಿಲ್ಲ. ಅವರನ್ನು ಯಾರೂ ಜಿಪುಣಿ ಅನ್ನಲಿಲ್ಲ. ನಾವು ಹಿಂದೆ ಬಾಡಿಗೆಗಿದ್ದ ಮನೆಯ ಮಾಲೀಕರು ಮಾತ್ರ ಯಾರೇ ಬರಲಿ, ಬಾಗಿಲಲ್ಲೇ "ಕಾಫಿ ಮುಗಿಸ್ಕೊಂಡೇ ಬಂದಿರ್ತೀರಾ, ಅಲ್ವಾ?" ಅನ್ನುತ್ತಿದ್ದರು. ಹೌದು ಅನ್ನದೆ ಬೇರೆ ದಾರಿಯೇ ಇರುತ್ತಿರಲಿಲ್ಲ. ಅಗ್ರೇಸರ ಅಂದರೆ ಅವರು.

ಜುಗ್ಗ, ಜೀನ, ಲೋಭಿ, ಕೃಪಣ, ಹಿಂದಿ-ಉರ್ದುವಿನಿಂದ ಬಂದ ಕಂಜೂಸ್ ಎಲ್ಲ ಇದೇ ಬಳಗ. ಇವುಗಳಲ್ಲಿ 'ಕೃಪಣ'ದ ಕತೆ ನನಗೆ ಜಾಸ್ತಿ ಇಷ್ಟ. ಸಂಸ್ಕೃತದಲ್ಲಿ ಅದಕ್ಕೆ ದೀನ, ಕನಿಕರ ಹುಟ್ಟಿಸುವವನು ಅನ್ನುವ ಅರ್ಥವೂ ಇದೆ. ಭಗವದ್ಗೀತೆಯ ಎರಡನೇ ಅಧ್ಯಾಯದಲ್ಲಿ 'ಕೃಪಣಾಃ ಫಲಹೇತವಃ' ಅಂದಿರುವುದು ದುಡ್ಡು ಬಿಚ್ಚದವರನ್ನಲ್ಲ, ಫಲಕ್ಕಾಗಿಯೇ ಕೆಲಸ ಮಾಡುವ ಪಾಪದವರನ್ನು. ಜಿಪುಣನನ್ನು ಕಂಡು ಸಿಟ್ಟಿಗಿಂತ ಅಯ್ಯೋ ಅನಿಸುವುದೂ ಉಂಟಲ್ಲ!

ಕನ್ನಡಿಗರಿಗೆ ಥಟ್ಟನೆ ನೆನಪಾಗುವ ಜಿಪುಣ ಶ್ರೀನಿವಾಸ ನಾಯಕ. ಬಡ ಬ್ರಾಹ್ಮಣನ ವೇಷದಲ್ಲಿ ಬಂದ ದೇವರನ್ನೇ ಆತ ಅಲೆದಾಡಿಸಿದ, ಕೊನೆಗೆ ಹೆಂಡತಿ ಕೊಟ್ಟ ಮೂಗುತಿಯಿಂದ ಕಣ್ಣು ತೆರೆಯಿತು ಅನ್ನುತ್ತದೆ ಐತಿಹ್ಯ. ಮುಂದೆ ಆತನೇ ಪುರಂದರದಾಸ.

ಬಳಸುವಾಗ ಒಂದು ಎಚ್ಚರ. ಮುಖಕ್ಕೆ 'ಜಿಪುಣ' ಅಂದರೆ ಜಗಳ ಗ್ಯಾರಂಟಿ. 'ಜಿಪುಣಾಗ್ರೇಸರ' ಅಂದರೆ ಹೆಚ್ಚಾಗಿ ನಗುತ್ತಾರೆ. ಹೋಟೆಲಲ್ಲಿ ಬಿಲ್ ಬಂದ ಕೂಡಲೇ ಕೈತೊಳೆಯಲು ಎದ್ದು ಹೋಗುವ ಗೆಳೆಯ ನಿಮಗೂ ಇರಬೇಕಲ್ಲ? "ಬನ್ನಿ ಜಿಪುಣಾಗ್ರೇಸರರೇ, ಇವತ್ತಿನದು ನಿಮ್ಮದು" ಅಂದು ನೋಡಿ.