ಹೊರಗಿನ ಕಿವಿಗೆ ಒಳನುಡಿ ಕೇಳುವ ಬಗೆ

ಬರಹದಲ್ಲಿ ‘ಮಾಡುತ್ತೇನೆ’ ಎಂದಿರುವುದನ್ನು ಮೈಸೂರು ಕಡೆಯವರು ‘ಮಾಡ್ತೀನಿ’ ಎನ್ನುತ್ತಾರೆ, ಕರಾವಳಿಯವರು ‘ಮಾಡ್ತೇನೆ’, ಧಾರವಾಡದ ಕಡೆಯವರು ‘ಮಾಡ್ತೇನಿ’. ಒಂದೇ ಭಾಷೆಯೊಳಗೆ ಕಡೆಯಿಂದ ಕಡೆಗೆ ಬದಲಾಗುವ ಇಂಥ ಆಡುಮಾತಿನ ಬಗೆಗಳೇ ಒಳನುಡಿಗಳು. ಇಲ್ಲಿ ಬದಲಾದದ್ದು ಒಂದೆರಡು ಸ್ವರ, ಅಷ್ಟೇ. ಆದರೆ ಕೇಳಿದವರ ವರ್ಣನೆ ಅಷ್ಟಕ್ಕೆ ನಿಲ್ಲುವುದಿಲ್ಲ. ಒಬ್ಬರದು ‘ನುಂಗಿ ಮಾತಾಡುವ ಭಾಷೆ’, ಇನ್ನೊಬ್ಬರದು ‘ಪುಸ್ತಕ ಓದಿದ ಹಾಗೆ’, ಮತ್ತೊಬ್ಬರದು ‘ಗಡಸು’. ಸ್ವರವನ್ನು ಯಂತ್ರದಲ್ಲಿ ಅಳೆಯಬಹುದು. ಗಡಸುತನವನ್ನು ಅಳೆಯಲು ಹೋದರೆ ಅದು ಮಾತಿನ ಅಲೆಯಲ್ಲಿ ಸಿಗುವುದಿಲ್ಲ, ಕೇಳುವವರಲ್ಲಿ ಸಿಗುತ್ತದೆ.

ಕೇಳುವವರ ಕಿವಿ ಬರಿದಾಗಿ ಕಾಯುತ್ತಾ ಕುಳಿತಿರುವುದಿಲ್ಲ. ಹುಟ್ಟಿದ ಮೊದಲ ವರ್ಷದಲ್ಲೇ ಅದು ತನ್ನ ಭಾಷೆಗೆ ಹದಗೊಂಡಿರುತ್ತದೆ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹೆಸರಾದದ್ದು. ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ದಂತ್ಯ ತಕಾರ ಮತ್ತು ಮೂರ್ಧನ್ಯ ಟಕಾರಗಳನ್ನು ಕೇಳಿಸಿದರು. 6ರಿಂದ 8 ತಿಂಗಳ ಕೂಸುಗಳಲ್ಲಿ ಬಹುಪಾಲು ವ್ಯತ್ಯಾಸ ಗುರುತಿಸಿದವು. 10ರಿಂದ 12 ತಿಂಗಳ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಗ್ಗಿತ್ತು. ಕಿವಿ ಮಂದವಾಯಿತು ಎಂದಲ್ಲ. ಸುತ್ತಲಿನ ಮಾತಿನಲ್ಲಿ ಆ ಭೇದಕ್ಕೆ ಕೆಲಸವಿಲ್ಲ ಎಂದು ಮಿದುಳು ಕಂಡುಕೊಂಡಿತ್ತು.

ನಮ್ಮ ಕಡೆಯಿಂದಲೂ ಇದೇ ಆಟ ನಡೆಯುತ್ತದೆ. ಇಂಗ್ಲಿಷಿನ ‘ಟೇಬಲ್’, ‘ಡಾಕ್ಟರ್’ ಪದಗಳ ಮೊದಲ ವ್ಯಂಜನಕ್ಕೆ ನಾಲಿಗೆಯ ತುದಿ ಮುಟ್ಟುವುದು ಹಲ್ಲನ್ನೂ ಅಲ್ಲ, ಮೇಲಂಗಳವನ್ನೂ ಅಲ್ಲ, ಇವೆರಡರ ನಡುವಿನ ಒಸಡಿನ ದಿಣ್ಣೆಯನ್ನು. ಕನ್ನಡದಲ್ಲಿ ಆ ಜಾಗಕ್ಕೆ ಅಕ್ಷರವಿಲ್ಲ. ನಮ್ಮ ಕಿವಿ ಅದನ್ನು ಟವರ್ಗಕ್ಕೆ ತಳ್ಳಿಬಿಡುತ್ತದೆ, ಬರೆಯುವುದೂ ಹಾಗೆಯೇ. ಅತ್ತ ಇಂಗ್ಲಿಷಿನವರಿಗೆ ನಮ್ಮ ತ, ಟ ಎರಡೂ ಒಂದೇ. ಜಪಾನಿ ಮಾತಾಡುವವರಿಗೆ ಇಂಗ್ಲಿಷಿನ ರಕಾರ ಲಕಾರಗಳು ಕಲಸಿಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಕಾರಣ ಮಾತ್ರ ಅಷ್ಟು ಪ್ರಚಾರದಲ್ಲಿಲ್ಲ. ಈ ಎರಡು ಧ್ವನಿಗಳನ್ನು ಬೇರ್ಪಡಿಸುವುದು ಮುಖ್ಯವಾಗಿ ಬಾಯಿಯ ಮೂರನೆಯ ಅನುರಣನ ಆವರ್ತನ, ಅಂದರೆ ಬಾಯಿಯ ಆಕಾರದಿಂದ ಬಲಗೊಳ್ಳುವ ಆವರ್ತನ ಪಟ್ಟಿಗಳಲ್ಲಿ ಕೆಳಗಿನಿಂದ ಮೂರನೆಯದು. ರಕಾರದಲ್ಲಿ ಅದು ಸುಮಾರು 2000 ಹರ್ಟ್ಸ್‌ಗಿಂತ ಕೆಳಗಿಳಿಯುತ್ತದೆ, ಲಕಾರದಲ್ಲಿ ಮೇಲೆಯೇ ಉಳಿಯುತ್ತದೆ. ಜಪಾನಿ ಕಿವಿಗೆ ಆ ಪಟ್ಟಿಯ ಮೇಲೆ ಗಮನವಿಡುವ ರೂಢಿಯಿಲ್ಲ. ಅದು ಎರಡನೆಯ ಪಟ್ಟಿಯನ್ನು ಹಿಡಿದು ಕೂರುತ್ತದೆ.

ಕಾಲದ ಲೆಕ್ಕವೂ ಇದೆ. ತುಟಿ ಬಿಚ್ಚಿದ ಮೇಲೆ ಗಂಟಲಿನ ನಾದ ಶುರುವಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದೇ ಪಕಾರ ಬಕಾರಗಳ ಗುರುತು. ಇಂಗ್ಲಿಷಿನಲ್ಲಿ ಪದದ ಮೊದಲ ಪಕಾರಕ್ಕೆ ಈ ಅಂತರ ಸುಮಾರು 60 ಮಿಲಿಸೆಕೆಂಡು. ನಮ್ಮ ಅಲ್ಪಪ್ರಾಣ ಪಕಾರದಲ್ಲಿ ನಾದ ಹೆಚ್ಚುಕಡಿಮೆ ತುಟಿ ಬಿಚ್ಚಿದ ಕೂಡಲೇ ಬರುತ್ತದೆ. ಆದ್ದರಿಂದ ನಾವು ಸರಿಯಾಗಿಯೇ ಅಂದ ‘ಪ’ ಇಂಗ್ಲಿಷ್ ಕಿವಿಗೆ ‘ಬ’ ಆಗಿ ಬೀಳುವುದುಂಟು. ಹೇಳಿದವರ ತಪ್ಪೂ ಇಲ್ಲ, ಕೇಳಿದವರ ತಪ್ಪೂ ಇಲ್ಲ. ಗಡಿಗೆರೆ ಎಳೆದ ಜಾಗ ಬೇರೆ.

ಹೊರಗಿನವರ ಸಾಮಾನ್ಯ ದೂರು ‘ಇವರು ತುಂಬಾ ಬೇಗ ಮಾತಾಡುತ್ತಾರೆ’ ಎನ್ನುವುದು. ಇದರಲ್ಲಿ ಸತ್ಯಕ್ಕಿಂತ ಭ್ರಮೆ ಹೆಚ್ಚು. ಮಾತಿನ ಅಲೆಯಲ್ಲಿ ಪದಕ್ಕೂ ಪದಕ್ಕೂ ನಡುವೆ ಬಿಡುವಿರುವುದಿಲ್ಲ. ‘ಎಲ್ಲಿಗೆ ಹೋಗುತ್ತಿದ್ದೀಯ’ ಎಂಬುದು ‘ಎಲ್ಗೋಗ್ತಿದೀಯ’ ಎಂದು ಒಂದೇ ಉಸಿರಾಗುತ್ತದೆ. ಒಳಗಿನವರು ಆ ಉಸಿರನ್ನು ತಾವೇ ಕತ್ತರಿಸಿ ಪದ ಮಾಡಿಕೊಳ್ಳುತ್ತಾರೆ. ಎಲ್ಲಿ ಕತ್ತರಿಸಬೇಕೆಂದು ತಿಳಿಯದವರಿಗೆ ಅದು ನಿಲ್ಲದ ಹೊಳೆ. ಭಾಷೆಗಳ ನಡುವೆ ವೇಗದ ಭೇದ ಇಲ್ಲವೆಂದಲ್ಲ. ಫ್ರಾನ್ಸಿನ ಲಿಯೋನ್ ನಗರದ ಸಂಶೋಧಕರು 2011ರಲ್ಲಿ ಅಳೆದಾಗ ಜಪಾನಿಯಲ್ಲಿ ಸೆಕೆಂಡಿಗೆ 7.84 ಉಚ್ಚಾರಾಂಶ, ಚೀನಾದ ಮ್ಯಾಂಡರಿನ್‌ನಲ್ಲಿ 5.18 ಸಿಕ್ಕಿತು. ಆದರೆ ಬೇಗ ಓಡುವ ಭಾಷೆಯ ಒಂದೊಂದು ಉಚ್ಚಾರಾಂಶ ಹೊರುವ ಮಾಹಿತಿ ಕಡಿಮೆ. 2019ರಲ್ಲಿ ಅದೇ ತಂಡ 17 ಭಾಷೆಗಳನ್ನು ಹೋಲಿಸಿದಾಗ ಎಲ್ಲವೂ ಸೆಕೆಂಡಿಗೆ ಸುಮಾರು 39 ಬಿಟ್ ಮಾಹಿತಿಯ ಸುತ್ತಮುತ್ತಲೇ ನಿಂತವು.

ಧ್ವನಿಗಿಂತ ಬೇಗ ಕಿವಿಗೆ ತಾಗುವುದು ರಾಗ, ಅಂದರೆ ವಾಕ್ಯದಲ್ಲಿ ಸ್ಥಾಯಿ ಏರಿ ಇಳಿಯುವ ಬಗೆ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಸಾದಾ ಹೇಳಿಕೆಯೂ ಕೊನೆಯಲ್ಲಿ ಮೇಲೇರುತ್ತದೆ. ಬೇರೆ ಕಡೆಯ ಇಂಗ್ಲಿಷ್ ಮಾತಾಡುವವರಿಗೆ ಇವರು ಸದಾ ಪ್ರಶ್ನೆ ಕೇಳುತ್ತಿದ್ದಾರೆ, ಇಲ್ಲವೇ ತಮ್ಮ ಮಾತಿನ ಮೇಲೆ ತಮಗೇ ನಂಬಿಕೆಯಿಲ್ಲ ಎನಿಸುತ್ತದೆ. ದಕ್ಷಿಣ ಜರ್ಮನಿಯವರ ಮಾತಿನಲ್ಲಿ ಸ್ಥಾಯಿಯ ಏರಿಕೆ ಉತ್ತರದವರಿಗಿಂತ ಒಂದಿಷ್ಟು ತಡವಾಗಿ ಬರುತ್ತದೆ. ಇಷ್ಟು ಸಣ್ಣ ವಿಳಂಬಕ್ಕೇ ಮಾತಿನ ಬಣ್ಣ ಬದಲಾಗಿಬಿಡುತ್ತದೆ. ಕೇಳುವವರು ‘ರಾಗ ಎಳೀತಾರೆ’ ಎಂದಷ್ಟೇ ಹೇಳುತ್ತಾರೆ, ಎಲ್ಲಿ ಎಂದು ತೋರಿಸಲಾರರು.

ಇನ್ನು ‘ಇಂಪು’, ‘ಒರಟು’ ಎಂಬ ತೀರ್ಪುಗಳು. ಇವು ಧ್ವನಿಯಲ್ಲೇ ಅಡಗಿವೆಯೇ ಎಂದು ನೋಡಲು ಹವರ್ಡ್ ಗೈಲ್ಸ್ ಮತ್ತು ಸಂಗಡಿಗರು 1974ರಲ್ಲಿ ಒಂದು ಸರಳ ಉಪಾಯ ಹೂಡಿದರು. ಗ್ರೀಕರ ನಡುವೆ ಅಥೆನ್ಸಿನ ಉಚ್ಚಾರಣೆಗೆ ಮರ್ಯಾದೆ ಹೆಚ್ಚು, ಕ್ರೀಟ್ ದ್ವೀಪದ್ದಕ್ಕೆ ಕಡಿಮೆ. ಎರಡನ್ನೂ ಗ್ರೀಕ್ ಗಂಧವೇ ಇಲ್ಲದ ಬ್ರಿಟಿಷ್ ವಿದ್ಯಾರ್ಥಿಗಳಿಗೆ ಕೇಳಿಸಿದಾಗ ಅವರಿಗೆ ಒಂದು ಇನ್ನೊಂದಕ್ಕಿಂತ ಇಂಪು ಎನಿಸಲೇ ಇಲ್ಲ. ‘ಆ ಕಡೆಯ ಭಾಷೆಯೇ ಒರಟು’ ಎಂದು ಪಟ್ಟುಹಿಡಿಯುವವರು ಈ ಫಲಿತಾಂಶದ ಮುಂದೆ ಏನು ಹೇಳುತ್ತಾರೋ ನೋಡಬೇಕು. ವ್ಯಾಲೇಸ್ ಲ್ಯಾಂಬರ್ಟ್ ತಂಡ 1960ರಲ್ಲಿ ಮಾಂಟ್ರಿಯಲ್‌ನಲ್ಲಿ ಮಾಡಿದ ಪ್ರಯೋಗ ಇನ್ನೂ ಕಹಿಯಾದದ್ದು. ಒಬ್ಬರೇ ದ್ವಿಭಾಷಿಕರು ಫ್ರೆಂಚ್‌ನಲ್ಲೂ ಇಂಗ್ಲಿಷಿನಲ್ಲೂ ಓದಿದ್ದನ್ನು ಬೇರೆ ಬೇರೆಯವರದೆಂಬಂತೆ ಕೇಳಿಸಿದರು. ಇಂಗ್ಲಿಷ್ ಓದಿಗೆ ಹೆಚ್ಚು ಅಂಕ ಬಿತ್ತು. ಕೊಟ್ಟವರಲ್ಲಿ ಫ್ರೆಂಚ್ ಮನೆಮಾತಿನವರೂ ಇದ್ದರು.

ಕಣ್ಣೂ ಕಿವಿಗೆ ಸುಳ್ಳು ಹೇಳಿಕೊಡುತ್ತದೆ. ಡೊನಾಲ್ಡ್ ರೂಬಿನ್ 1992ರಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗೆ ಅಲ್ಲಿಯದೇ ಇಂಗ್ಲಿಷಿನ ಒಂದೇ ಉಪನ್ಯಾಸದ ಧ್ವನಿಮುದ್ರಣ ಕೇಳಿಸಿ, ಕೆಲವರಿಗೆ ಬಿಳಿಯ ಮುಖದ ಚಿತ್ರ, ಕೆಲವರಿಗೆ ಏಷ್ಯಾದ ಮುಖದ ಚಿತ್ರ ತೋರಿಸಿದರು. ಎರಡನೆಯ ಗುಂಪಿಗೆ ಇಲ್ಲದ ‘ಆಕ್ಸೆಂಟ್’ ಕೇಳಿಸಿತು, ವಿಷಯವೂ ಕಡಿಮೆ ತಲೆಗೆ ಹೋಯಿತು. 1999ರಲ್ಲಿ ನ್ಯಾನ್ಸಿ ನೀಡ್‌ಜಿಯಲ್‌ಸ್ಕಿ ಅವರು ಅಮೆರಿಕದ ಮಿಶಿಗನ್ ರಾಜ್ಯದ ಡೆಟ್ರಾಯಿಟ್‌ನಲ್ಲಿ ಕೇಳುಗರ ಉತ್ತರಪತ್ರಿಕೆಯ ಮೇಲೆ, ಮಾತಾಡಿದವರು ಎಲ್ಲಿಯವರೆಂದು ಸೂಚಿಸುವ ಒಂದು ಪದ ಬದಲಿಸಿದ್ದಷ್ಟೇ. ‘ಕೆನಡಾ’ ಎಂದಿದ್ದವರಿಗೆ ಕೆನಡಾದ ಸ್ವರ ಕೇಳಿಸಿತು, ‘ಮಿಶಿಗನ್’ ಎಂದಿದ್ದವರಿಗೆ ಕೇಳಿಸಲಿಲ್ಲ. ಮುದ್ರಿಕೆ ಒಂದೇ, ಮಾತಾಡಿದವರೂ ಡೆಟ್ರಾಯಿಟ್‌ನವರೇ.

ಉಚ್ಚಾರಣೆ ಬೇರೆ ಎನಿಸುವುದು ಒಂದು, ಮಾತು ಅರ್ಥವಾಗದಿರುವುದು ಇನ್ನೊಂದು. ಮನ್ರೋ ಮತ್ತು ಡರ್ವಿಂಗ್ 1995ರಲ್ಲಿ ತೋರಿಸಿದ ಹಾಗೆ, ‘ಉಚ್ಚಾರಣೆ ತುಂಬಾ ಬೇರೆ’ ಎಂದು ಅಂಕ ಕೊಟ್ಟ ವಾಕ್ಯಗಳನ್ನೇ ಕೇಳುಗರು ಒಂದಕ್ಷರ ತಪ್ಪದೆ ಬರೆದುಕೊಡಬಲ್ಲರು. ತೊಂದರೆ ಶುರುವಾಗುವುದು ಗದ್ದಲದಲ್ಲಿ, ಫೋನಿನಲ್ಲಿ. ಹಳೆಯ ದೂರವಾಣಿ ಜಾಲ 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತದೆ. ಸಕಾರದ ಬಲವೆಲ್ಲ ಇರುವುದು ಅದಕ್ಕಿಂತ ಮೇಲೆ. ಪರಿಚಿತ ಮಾತಾದರೆ ಕಳೆದದ್ದನ್ನು ಊಹೆಯಿಂದ ತುಂಬಿಕೊಳ್ಳುತ್ತೇವೆ. ಅಪರಿಚಿತ ಒಳನುಡಿಯಲ್ಲಿ ಊಹೆಗೆ ಆಧಾರವೇ ಇರುವುದಿಲ್ಲ.

ಕಿವಿ ಹೊಂದಿಕೊಳ್ಳುವ ವೇಗ ಮಾತ್ರ ಬೆರಗು ಹುಟ್ಟಿಸುವಂಥದ್ದು. ಕ್ಲಾರ್ಕ್ ಮತ್ತು ಗ್ಯಾರೆಟ್ 2004ರಲ್ಲಿ ಅಳೆದಂತೆ, ಹೊಸ ಉಚ್ಚಾರಣೆಯ ಮಾತು ಕೇಳಿ ಒಂದು ನಿಮಿಷದೊಳಗೆ ಅರ್ಥೈಸುವ ವೇಗ ಬಹುಮಟ್ಟಿಗೆ ಸುಧಾರಿಸುತ್ತದೆ. ಬೇಕೆಂದೇ ಅಭ್ಯಾಸ ಮಾಡುವವರು ಮೊದಲ ನಿಮಿಷ ಅರ್ಥದ ಹಿಂದೆ ಓಡದೆ ರಾಗವನ್ನಷ್ಟೇ ಕೇಳಲಿ. ಆಮೇಲೆ ಅದೇ ತುಣುಕನ್ನು ಅದೇ ಒಳನುಡಿಯಲ್ಲಿ ಬರೆದ ಪಠ್ಯ ನೋಡುತ್ತಾ ಇನ್ನೊಮ್ಮೆ ಕೇಳಬೇಕು. ಪಠ್ಯ ಯಾವ ಭಾಷೆಯದು ಎನ್ನುವುದು ಮುಖ್ಯ. ಸ್ಕಾಟ್ಲೆಂಡ್ ಮತ್ತು ಆಸ್ಟ್ರೇಲಿಯಾದ ಇಂಗ್ಲಿಷ್ ಕೇಳಿದ ಡಚ್ಚರಿಗೆ ಇಂಗ್ಲಿಷ್ ಅಡಿಬರಹ ನೆರವಾಯಿತು; ಡಚ್ ಅಡಿಬರಹ ಕೊಟ್ಟಾಗ ಹೊಸ ವಾಕ್ಯಗಳಲ್ಲಿ ಅದು ಅಡ್ಡಿಯೇ ಆಯಿತು ಎಂದು 2009ರ ಅಧ್ಯಯನ ಕಂಡುಕೊಂಡಿದೆ. ಅನುವಾದ ಓದುವವರಿಗೆ ಅರ್ಥ ಸಿಗುತ್ತದೆ, ಧ್ವನಿಯ ಜೋಡಣೆ ಸಿಗುವುದಿಲ್ಲ. ಇನ್ನೊಂದು ಸಾಮಾನ್ಯ ಎಡವಟ್ಟು ಒಬ್ಬರ ದನಿಯನ್ನೇ ಹತ್ತಾರು ಸಲ ಕೇಳುವುದು. ಆಗ ಕಿವಿ ಆ ವ್ಯಕ್ತಿಗೆ ಹೊಂದಿಕೊಳ್ಳುತ್ತದೆ, ಒಳನುಡಿಗಲ್ಲ. ಹೆಂಗಸರು, ಗಂಡಸರು, ಮುದುಕರು, ಮಕ್ಕಳು ಎಂದು ನಾಲ್ಕೈದು ದನಿ ಬೆರೆಸಿದರೆ ಕಲಿತದ್ದು ಹೊಸಬರ ಮಾತಿಗೂ ಒದಗುತ್ತದೆ.

ಪದ ಪದ ಕಲಿಯುವುದಕ್ಕಿಂತ ನಿಯಮ ಹಿಡಿಯುವುದು ಲಾಭದ ದಾರಿ. ಕನ್ನಡದ ಹಲವು ಒಳನುಡಿಗಳಲ್ಲಿ ‘ಬೇಡ’ ಎಂಬುದು ‘ಬ್ಯಾಡ’, ‘ಬೇರೆ’ ಎಂಬುದು ‘ಬ್ಯಾರೆ’, ‘ಪೇಟೆ’ ಎಂಬುದು ‘ಪ್ಯಾಟೆ’. ಆದರೆ ‘ಬೇಕು’, ‘ಬೇಲಿ’, ‘ಹೇಳು’ ಹಾಗೇ ಉಳಿಯುತ್ತವೆ. ಮುಂದಿನ ಸ್ವರ ಇ ಅಥವಾ ಉ ಆಗಿದ್ದರೆ ಏಕಾರ ಬಾಯಿ ಅಗಲಿಸುವುದಿಲ್ಲ. ಅ, ಎ ಇದ್ದರೆ ಅಗಲಿಸುತ್ತದೆ. ಧಾರವಾಡದ ಕಡೆ ಪದದ ಕೊನೆಯ ಎಕಾರ ಇಕಾರವಾಗಿ ‘ಮನೆ’ಯು ‘ಮನಿ’ಯಾಗುತ್ತದೆ, ‘ಪ್ಯಾಟೆ’ ‘ಪ್ಯಾಟಿ’ಯಾಗುತ್ತದೆ. ಈಗ ಕೊನೆಯಲ್ಲಿ ಇಕಾರವಿದ್ದರೂ ‘ಪ್ಯಾ’ ಹೋಗಿ ‘ಪೇ’ ಬಂದಿಲ್ಲ. ಬಾಯಿ ಅಗಲಿಸುವ ಬದಲಾವಣೆ ಮೊದಲು, ಕೊನೆಯ ಸ್ವರದ್ದು ಆಮೇಲೆ ಎಂದು ಇದರಿಂದ ತಿಳಿಯುತ್ತದೆ.

ಮಿಮಿಕ್ರಿ ಮಾಡುವವರು ಜಾರುವುದು ಇಲ್ಲಿಯೇ. ಅವರು ನಿಯಮದ ಷರತ್ತು ಬಿಟ್ಟು ಫಲವನ್ನಷ್ಟೇ ಹಿಡಿದು ‘ಬ್ಯಾಕು’ ಎಂದುಬಿಡುತ್ತಾರೆ, ‘ರೀ’ ಎಂಬುದನ್ನು ಬೇಕಿಲ್ಲದಲ್ಲೂ ಅಂಟಿಸುತ್ತಾರೆ. ಹೊರಗಿನ ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ, ಊರಿನವರು ಮುಖ ಸಿಂಡರಿಸುತ್ತಾರೆ. ಒಳಗಿನವರ ಕಿವಿಯನ್ನು ಒಪ್ಪಿಸುವುದು ಸುಲಭವಲ್ಲ. 1984ರಲ್ಲಿ ಜೇಮ್ಸ್ ಫ್ಲೆಗೆ ಅವರು ಫ್ರೆಂಚರು ಆಡಿದ ಇಂಗ್ಲಿಷನ್ನು ತುಂಡರಿಸುತ್ತಾ ಹೋಗಿ ಕೊನೆಗೆ ಟಕಾರ ಸಿಡಿಯುವ 30 ಮಿಲಿಸೆಕೆಂಡಿನ ಚೂರನ್ನಷ್ಟೇ ಅಮೆರಿಕನ್ನರಿಗೆ ಕೇಳಿಸಿದ್ದರು. ಅಷ್ಟರಲ್ಲೇ ಅವರು ಇದು ನಮ್ಮವರ ಉಚ್ಚಾರಣೆಯೋ ಅಲ್ಲವೋ ಎಂದು ಬರಿಯ ಊಹೆಗಿಂತ ಚೆನ್ನಾಗಿ ಹೇಳಿದರು.